ಪಿಕಪ್ಪಿಗೆ ಕೂಡಿಸಿದ ಮೀಟರು

ಕುಣಿಕೋಣೂರ, ತಾ. ಜತ್ತ
೧೪ ಡಿಸೆಂಬರ್ ೨೦೨೪

ಪ್ರೀತಿಯ ಮಗ ಅಮೋಗಸಿದ್ದನಿಗೆ ನಿನ್ನ ಅವ್ವ ಯಮನವ್ವ ಮಾಡುವ ಆಶೀರ್ವಾದ.

ಮೈಯಲ್ಲಿ ಆರಾಮಿದ್ದೀಯಾ? ಹಿಮದೊಳಗೆ ಕಾವಲು ನಿಲ್ಲುವ ಸಿಪಾಯಿಗೆ ಇಲ್ಲಿಂದ ನಾನು ಏನು ಹೇಳಿದರೇನು, ಆದರೂ ಕಿವಿಗೆ ಕಟ್ಟಿಕೋ, ಬಿಸಿನೀರೇ ಕುಡಿ. ಹೋದ ಸಲದ ಫೋಟೋದಲ್ಲಿ ನಿನ್ನ ಕೆನ್ನೆಗಳು ಒಳಗೆ ಹೋಗಿದ್ದವು. ಕಳಿಸಿದ ಶೇಂಗಾ ಚಟ್ನಿ ನೀನು ತಿಂದೆಯೋ, ಎಲ್ಲವನ್ನೂ ದೋಸ್ತರಿಗೆ ಹಂಚಿ ದೊಡ್ಡ ಮನುಷ್ಯನಾದೆಯೋ? ನಾವಿಲ್ಲಿ ಕ್ಷೇಮ ಅಂತ ಬರೆಯುವುದು ರೂಢಿ. ಈ ಸಲ ಹಾಗೆ ಬರೆಯಲು ಕೈ ಬರುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ಏಳನೇ ಇಯತ್ತೆವರೆಗೆ ಶಾಲೆ ಕಲಿತ ನನ್ನ ಅಕ್ಷರದಲ್ಲಿ ಇಷ್ಟುದ್ದ ಬರೆಯುತ್ತಿದ್ದೇನೆ, ನಗಬೇಡ.

ನಮ್ಮ ಪಿಕಪ್ಪಿನ ತಕರಾರು ನಿನಗೆ ಗೊತ್ತೇ ಇದೆ. ಸೊರಡಿಯ ದ್ರಾಕ್ಷಿ ತೋಟಕ್ಕೆ ನಮ್ಮೂರ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಕರೆದೊಯ್ಯುವಾಗ ಏರಿನಲ್ಲಿ ಗಾಡಿ ಇದ್ದಕ್ಕಿದ್ದಂತೆ ಜೀವ ಬಿಡುತ್ತದೆ, ಹಿಂದೆ ಕೂತವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನಿಮ್ಮಪ್ಪ ಮೊದಲು ಡೀಸೆಲ್ ಹಾಕುವವನನ್ನು ಬೈದರು. ಫಿಲ್ಟರ್ ಬದಲಿಸಿದರು. ಆಮೇಲೆ ರಸ್ತೆ ಮಾಡಿದವರನ್ನೂ ಬೈದರು. ಬೈಯಲು ಯಾರೂ ಉಳಿಯದಿದ್ದಾಗ ಶೇಗಾಂವದ ಮಿಸ್ತ್ರಿ ವಿಠೋಬನ ಹತ್ತಿರ ಹೋದೆವು. ಅವನು, "ಕಾಕಾ, ಸುಮ್ನ ಒಂದೊಂದ ಸಾಮಾನ ಬದ್ಲಿ ಮಾಡೂದು ಬ್ಯಾಡ್ರಿ. ಪ್ರೆಶರ್ ಮೀಟರ್ ಕೂಡಸೂಣು, ಇಂಜಿನ್ನಿಗಿ ಡೀಸೆಲ್ ಜೋರ ಹೊಂಟದೋ ಇಲ್ಲೋ ಅದ ಹೇಳ್ತದ" ಅಂದ.

ನಿನಗೆ ಸಣ್ಣವನಿದ್ದಾಗಿನಿಂದ ಯಂತ್ರದ ಹುಚ್ಚು, ಅದಕ್ಕೆ ನೋಡಿದ್ದನ್ನೆಲ್ಲ ಬರೆಯುತ್ತೇನೆ. ಬ್ಯಾಟರಿಯ ವೈರು ಕಳಚಿದ. ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ಪೈಪನ್ನು ಕತ್ತರಿಸಿ ನಡುವೆ ಹಿತ್ತಾಳೆಯ ಟಿ ಜಾಯಿಂಟ್ ಹಾಕಿ, ಅದರ ಮೂರನೇ ಬಾಯಿಗೆ ಸೆನ್ಸರ್ ಬಿಗಿದು, ಅದರ ವೈರನ್ನು ಕ್ಯಾಬಿನ್ನಿನೊಳಗೆ ಎಳೆದ. ಡೀಸೆಲ್ ಪೈಪೇ ಒಳಗೆ ಬರುವಂಥ ಮೀಟರೂ ಇರುತ್ತದಂತೆ, ಅದು ಒಡೆದರೆ ಮೈಮೇಲೆಲ್ಲ ಡೀಸೆಲ್ ಅಂತ ಬೇಡವೆಂದ. ಕತ್ತರಿಸಿದ ಪೈಪಿನಲ್ಲಿ ಹವಾ ಸೇರಿತ್ತು, ಗುಳ್ಳೆ ನಿಲ್ಲುವವರೆಗೂ ಕೈಪಂಪು ಒತ್ತಿದ. ಜಾಯಿಂಟಿನ ಕೆಳಗೆ ಹಳೇ ಪೇಪರ್ ಹಾಸಿ, ಒಂದು ಹನಿಯೂ ಸೋರುವುದಿಲ್ಲ ಅಂತ ಖಾತ್ರಿಯಾದ ಮೇಲೆಯೇ ಕೈ ತೊಳೆದ. ನಿಮ್ಮಪ್ಪನ ಕಡೆ ಜಾಗ ಸಾಲದೆ ಮೀಟರು ನನ್ನ ಸೀಟಿನ ಎದುರು ಕೂತಿತು. "ಮುಳ್ಳ ತಳಕ್ಕ ಬಿದ್ರ ಗಾಡಿ ಹೊಡೀಬ್ಯಾಡ್ರಿ ಕಾಕಾ, ಪಂಪ್ ಸುಡ್ತದ" ಅಂತ ಎಚ್ಚರಿಸಿ ಕಳಿಸಿದ.

ಮರುದಿನ ಏರು ಬಂದಾಗ ನಿಮ್ಮಪ್ಪ, "ಮೀಟರ್ ನೋಡಕೋತ ಕುಂದ್ರು, ಇಳದ್ರ ಹೇಳು" ಅಂದರು. ಅರ್ಧ ಏರಿನಲ್ಲಿ ಗಾಡಿ ಸೊರಗಿತು. ಮುಳ್ಳು ಮಾತ್ರ ಇದ್ದಲ್ಲೇ ಇತ್ತು. "ಇಳದಿಲ್ಲರಿ" ಅಂದೆ. "ಸರೀ ನೋಡು" ಅಂತ ಗದರಿದರು. ಇವರಿಗೇನಾಯಿತು ಅಂತ ಅವರ ಕಡೆ ತಿರುಗಿದವಳು ಹಾಗೇ ಕೆಳಗೆ ನೋಡಿದೆ. ಗಾಡಿಯೆಂದರೆ ಲಕ್ಷ್ಮಿ ಅಂತ ಅವರು ಚಪ್ಪಲಿ ಬಿಚ್ಚಿಟ್ಟೇ ಓಡಿಸುವವರಲ್ಲವೇ. ಆ ಬರಿಗಾಲು ಎಕ್ಸಲೇಟರ್ ಮೇಲೆ ಇರಲಿಲ್ಲ. ಪಕ್ಕಕ್ಕೆ ಜಾರಿ ಬರೀ ತಗಡನ್ನು ಒತ್ತುತ್ತಿತ್ತು. ಹಲ್ಲು ಕಚ್ಚಿ, ಇದ್ದ ಬಲವನ್ನೆಲ್ಲ ಹಾಕಿ ಒತ್ತುತ್ತಿದ್ದರು, ಮಗಾ. ಕಾಲು ಎಲ್ಲಿದೆಯೆಂದು ಅವರಿಗೆ ತಿಳಿದಿರಲಿಲ್ಲ. ನಾನು ಮತ್ತೆ ಮೀಟರಿನ ಕಡೆ ಮುಖ ತಿರುಗಿಸಿದೆ.

ಸಂಜೆ ಅವರು ಹೊರಸಿನ ಮೇಲೆ ಕೂತು ಪಕ್ಕದ ಮನೆಯ ಬಸಗೊಂಡನ ಜೊತೆ ಕುರಿಯ ಸುದ್ದಿ ಹೇಳುತ್ತಿದ್ದರು. ನಾನು ಜೋಳ ಹಸನು ಮಾಡುವ ನೆವದಲ್ಲಿ ಕೆಳಗೆ ಕೂತು ಬಲಗಾಲಿನ ಹೆಬ್ಬೆರಳನ್ನು ಉಗುರೂರಿ ಚಿವುಟಿದೆ. ಮಾತು ನಿಲ್ಲಲಿಲ್ಲ. ಇನ್ನೂ ಜೋರಾಗಿ ಚಿವುಟಿದೆ. ಅವರ ಕುರಿ ಕಥೆ ಮುಂದೆ ಸಾಗಿತು, ನನ್ನ ಕಣ್ಣಲ್ಲೇ ನೀರು ಬಂತು. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ನೆನಪಾದಾಗ ನುಂಗುವ ಮನುಷ್ಯ. ಪಾದದ ಕಡೆ ಲಕ್ಷ್ಯವಿರಲಿ ಅಂತ ಡಾಕ್ಟರು ಹೇಳಿದ್ದು ಇದಕ್ಕೇ ಅಂತ ಈಗ ತಿಳಿಯಿತು.

ಬ್ರೇಕ್ ಒತ್ತುವುದೂ ಅದೇ ಕಾಲು. ಹಿಂದೆ ಕೂರುವವರಲ್ಲಿ ನಿನ್ನ ಕಾಕಾನ ಸೊಸೆ ಸುನಿತಾ ಇದ್ದಾಳೆ, ಈಗ ಬಸುರಿ. ಎಲ್ಲರೂ ನನ್ನ ಮಾತಿನ ಮೇಲೆ ಗಾಡಿ ಹತ್ತುವವರು. ದವಾಖಾನೆಗೆ ಹೋಗೋಣ ಅಂದರೆ "ಗಾಡೀ ರೋಗಕ್ಕ ನನಗ ಸೂಜಿ ಮಾಡಸ್ತೀಯೇನು?" ಅಂತ ನಗುತ್ತಾರೆ. ಕಾಲಿನ ಸಂಗತಿ ಹೇಳಲು ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಕುರಿ ಮಾರಿ ಗಾಡಿ ತಂದಾಗಿನಿಂದ ಊರಲ್ಲಿ ಅವರನ್ನು ಡ್ರೈವರ್ ಅಂತಲೇ ಕರೆಯುತ್ತಾರೆ, ಹಾಗೆ ಕರೆದರೆ ಅವರ ಮುಖ ಹೇಗಾಗುತ್ತದೆ ನಿನಗೆ ಗೊತ್ತು. ನನಗೆ ಸಿಟ್ಟೂ ಬರುತ್ತದೆ, ಭಯವೂ ಆಗುತ್ತದೆ, ಅವರನ್ನು ನೋಡಿದರೆ ಸಂಕಟವೂ ಆಗುತ್ತದೆ.

ನಿನ್ನ ಸಾಹೇಬರಿಗೆ ನಮಸ್ಕಾರ ಹೇಳು, ಚಟ್ನಿ ತಿಂದ ದೋಸ್ತರಿಗೆಲ್ಲ ನನ್ನ ನೆನಪು ತಿಳಿಸು. ನಿನಗೆ ಹೆಸರು ಕೊಟ್ಟ ಸಿದ್ಧ ಹಗಲಿರುಳು ನಿನ್ನ ಬೆನ್ನ ಹಿಂದೆ ಇರಲಿ.

ಇಂತಿ ನಿನ್ನ ಅವ್ವ
ಯಮನವ್ವ

ತಾ.ಕ.: ಲಕೋಟೆ ಅಂಟಿಸುವ ಮೊದಲು ಮುಖ್ಯ ಮಾತು. ನಿನ್ನೆ ನಾನು ಮೀಟರಿನ ಹಿಂದಿನ ವೈರು ಕಿತ್ತಿದ್ದೇನೆ. ಮುಳ್ಳು ತಳಕ್ಕೆ ಬಿದ್ದದ್ದನ್ನು ನೋಡಿ ನಿಮ್ಮಪ್ಪ "ನಾ ಹೇಳಿದ್ದಿಲ್ಲೇನು, ಗಾಡೀದ ತಪ್ಪು" ಅಂತ ಒಂದು ರೊಟ್ಟಿ ಹೆಚ್ಚಿಗೆ ಉಂಡರು. ಗಾಡಿ ನಿಂತಿದೆ, ಹೆಣ್ಣುಮಕ್ಕಳು ಬಸಗೊಂಡನ ಟಮಟಮ ರಿಕ್ಷಾದಲ್ಲಿ ಹೋಗುತ್ತಿದ್ದಾರೆ. ವಿಠೋಬ ಮಗಳ ಮದುವೆಯ ಗಡಿಬಿಡಿಯಲ್ಲಿದ್ದಾನೆ, ತಿಂಗಳ ಕೊನೆಗೆ ಬರುತ್ತಾನೆ, ಬಂದರೆ ಆ ವೈರು ಅವನ ಕಣ್ಣಿಗೆ ಬೀಳದೆ ಇರುವುದಿಲ್ಲ. ಅಷ್ಟರೊಳಗೆ ರಜೆ ಹಾಕಿ ಬಾ. ನಿಮ್ಮಪ್ಪ ಕೀಲಿ ಕೊಟ್ಟರೆ ನಿನ್ನ ಕೈಗೇ ಕೊಟ್ಟಾರು, ದವಾಖಾನೆಗೆ ಬಂದರೆ ನಿನ್ನ ಜೊತೆಯೇ ಬಂದಾರು. ಗಾಡಿ ರಿಪೇರಿಯಾಗಲಿ, ಮಗನನ್ನು ಕರೆತರಲು ಮಿರಜ ಸ್ಟೇಷನ್ನಿಗೆ ನಾನೇ ಹೋಗುತ್ತೇನೆ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಯಾವ ರೈಲಿಗೆ ಬರುತ್ತೀಯೆಂದು ಅವರಿಗೆ ತಿಳಿಸಬೇಡ.