ಸಲೋಮಿ ಅಜ್ಜಿಯ ಎರಡನೇ ದೀಕ್ಷಾಸ್ನಾನ

ಕುಂದಾಪುರ
12-11-2025, ಬುಧವಾರ

ಕರ್ತನಲ್ಲಿ ಪ್ರಿಯ ಸಭಿಕರೇ, ಕಮಿಟಿಯ ಹಿರಿಯರೇ, ಕೊನೆಯ ಬೆಂಚಿನಲ್ಲಿ ಕೂತು ಪ್ರಸಂಗಕ್ಕಿಂತ ಗಡಿಯಾರಕ್ಕೇ ಹೆಚ್ಚು ಭಕ್ತಿ ತೋರುವ ಸಹೋದರರೇ! ಎಲ್ಲರೂ ಎದ್ದು ನಿಲ್ಲಿ. ಪಾಸ್ಟರಮ್ಮ ತನ್ನ ಗಂಡನಿಗೆ ಪತ್ರ ಬರೆಯುತ್ತಿದ್ದಾಳೆ. ಈಗ ಕೂತುಕೊಳ್ಳಿ. ನಿಮಗಿಲ್ಲಿ ಕೆಲಸವಿಲ್ಲ.

ಹ್ವಾಯ್ ಅಂದರೆ ತಿರುಗಿ ನೋಡುವ ನನ್ನವರೇ,

ಹೇಗಿದ್ದೀರಿ? ಹುಬ್ಬಳ್ಳಿಯ ಅತ್ತಿಗೆ ರೊಟ್ಟಿ ಬಡಿಸಿ ಬಡಿಸಿ ನಿಮ್ಮ ಕೆನ್ನೆಗೆ ಸ್ವಲ್ಪ ಮಾಂಸ ತಂದಿದ್ದಾರೆಯೇ? ಬಿ.ಪಿ. ಮಾತ್ರೆ ನುಂಗುತ್ತೀರಷ್ಟೆ? ಫೋನನ್ನು ಮೇಜಿನ ಮೇಲೆ ಬಿಟ್ಟು ಬಸ್ಸು ಹತ್ತಿದವರಿಗೆ ಪತ್ರವಲ್ಲದೆ ಬೇರೆ ದಾರಿ ಎಲ್ಲಿದೆ? ನೀವು ಹೋದದ್ದು ಆ ಫೋನಿಗೆ ಇನ್ನೂ ಗೊತ್ತಾಗಿಲ್ಲ, ಬಡಿದುಕೊಳ್ಳುತ್ತಲೇ ಇದೆ. ನಿನ್ನೆ ಯಾರೋ ಹೊಸ ಕಾರಿಗೆ ಪ್ರಾರ್ಥನೆ ಆಗಬೇಕಿತ್ತು ಅಂದರು. ಪಾಸ್ಟರ್ ಉಪವಾಸ ಪ್ರಾರ್ಥನೆಗೆ ಹೋಗಿದ್ದಾರೆ ಅಂದೆ. ಎಲ್ಲರಿಗೂ ಹೇಳುವ ಸುಳ್ಳು ಅದೇ. "ಪ್ರಾರ್ಥನಿ ಫೋನಗೇ ಮಾಡುಕೆ ಆತಿಲ್ಯಾ?" ಅಂದರು ಪುಣ್ಯಾತ್ಮರು.

ನಿಮ್ಮ ಭಾನುವಾರಗಳ ಮೇಲೆ ನಾನು ಕಟ್ಟಿದ್ದ ಪದ್ಯ ನೆನಪಿದೆಯೇ? "ಬ್ರಹ್ಮಾವರಕ್ಕೆ ಏಳೂವರೆ, ಕುಂದಾಪುರಕ್ಕೆ ಒಂಬತ್ತೂವರೆ, ಬೈಂದೂರಿಗೆ ಹನ್ನೆರಡೂವರೆ, ನಡುವೆ ಹೊಟ್ಟೆಗೆ ಬನ್ಸ್ ಒಂದೂವರೆ." ಆಗ ಇಬ್ಬರೂ ನಕ್ಕಿದ್ದೆವು. ಮೂರು ಸಭೆಗೆ ಒಬ್ಬರೇ ಪಾಸ್ಟರ್ ಆಗಿ ಆರು ವರ್ಷವಾಯಿತು. ಈಗ ಆ ಪ್ರಾಸವೂ ಹಳಸಿದ ಸಾರಿನ ಹಾಗೆ ಮೂಗಿಗೆ ಹೊಡೆಯುತ್ತದೆ.

ಸಲೋಮಿ ಅಜ್ಜಿಯ ಮಣ್ಣಿನ ದಿನ ಮನಸ್ಸಿನಿಂದ ಹೋಗುವುದಿಲ್ಲ. ಆ ವಾರ ಅದು ಮೂರನೇ ಸಾವು. ನೀವು ನಾಲ್ಕು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಆರಾಧನೆಯ ಪುಸ್ತಕ ತೆರೆದಿರಿ, ರಿಬ್ಬನ್ ಇದ್ದ ಪುಟ ಓದಿದಿರಿ. ಎಂಬತ್ತನಾಲ್ಕರ ಮುದುಕಿಯ ಪೆಟ್ಟಿಗೆಯ ಮುಂದೆ ನಿಂತು, "ಈ ಮಗುವಿಗೆ ಹೆಸರಿಡಿರಿ" ಅಂದಿರಿ. ದೀಕ್ಷಾಸ್ನಾನದ ಪುಟ! ಅಜ್ಜಿಯ ಮಗ ಸುಜಿತ್ ಅಭ್ಯಾಸಬಲದಿಂದ "ಸಲೋಮಿ" ಎಂದು ಉತ್ತರ ಕೊಟ್ಟೇಬಿಟ್ಟ. ಒಬ್ಬರು ಕಿಸಕ್ಕೆಂದರು, ಹತ್ತು ಜನ ಫೋನ್ ಎತ್ತಿದರು. ಗುಂಡಿಗೆ ಮಣ್ಣು ಬೀಳುವ ಮೊದಲೇ ಆ ವಿಡಿಯೊ ಸಭೆಯ ವಾಟ್ಸಾಪ್ ಗುಂಪಿಗೆ ಬಿದ್ದಿತ್ತು.

ಸಂಜೆ ಕಮಿಟಿಯವರು ನಮ್ಮ ಚಾವಡಿಗೆ ಬಂದದ್ದು, ಕಾರ್ಯದರ್ಶಿ ಜಯಶೀಲ ಮಾಸ್ಟ್ರು ಕುಡಿದಿದ್ದೀರೇನೋ ಎಂದು ನಿಮ್ಮ ಬಾಯಿಯ ಹತ್ತಿರ ಮೂಗು ತಂದು ಮೂಸಿದ್ದು! ನಲವತ್ತು ವರ್ಷ ಮಕ್ಕಳ ಕಾಪಿ ಪುಸ್ತಕ ತಿದ್ದಿದ ಮನುಷ್ಯ. "ವಾಸನಿ ಇಲ್ಲೆ. ಆದ್ರೂ ಹೇಳುಕಾತಿಲ್ಲೆ" ಅಂದರು. ಮತ್ತೆ ಅದೇ ಮೂಗನ್ನು ನಾನು ತಂದ ಚಾಯದ ಲೋಟಕ್ಕೆ ಇಳಿಸಿ ಸೊರಕ್ಕನೆ ಕುಡಿದರು. ಕಣ್ಣು ಮುಚ್ಚಿ ನಿಮಗಾಗಿ ಪ್ರಾರ್ಥನೆಯನ್ನೂ ಮಾಡಿದರು. ಆ ಲೋಟವನ್ನು ಮೂರು ಸಲ ತೊಳೆದೆ. ಕೊನೆಗೆ ಕಸಕ್ಕೆ ಎಸೆದೆ.

ಮರುದಿನ, ಭಾನುವಾರದ ಮೂರು ಸಭೆಯನ್ನೂ ಬಿಟ್ಟು ನೀವು ಹೋದಿರಿ. ಅಂದಿನಿಂದ ಹೆಂಗಸರು ಜೋಡಿ ಜೋಡಿಯಾಗಿ ಬರುತ್ತಾರೆ. "ಎಂತ ಆಯ್ತ್ ಅಮ್ಮ, ಸಮಾ ಹೇಳಿ, ಪ್ರಾರ್ಥನಿ ಮಾಡುಕೆ ಬೇಕಲ್ದಾ?" ವಿಷಯ ಗೊತ್ತಿಲ್ಲದಿದ್ದರೆ ದೇವರಿಗೆ ತಲುಪಿಸುವುದು ಹೇಗೆ ಪಾಪ! ಒಬ್ಬಾಕೆ ಮಾತಿನ ನಡುವೆ ನಮ್ಮ ಫ್ರಿಜ್ ತೆರೆದು ನೋಡಿದಳು. ಸಭೆಯ ಮನೆ ತಾನೇ, ಫ್ರಿಜ್ ಕೂಡ ಸಭೆಯದೇ. ಇವರ ಕರುಣೆಗೆ ಕೊಳೆತ ಬಂಗುಡೆ ಮೀನಿನ ನಾತವಿದೆ. ಈ ಮಾತು ನಿಜವಾದ ಬಂಗುಡೆ ಮಾರುವ ಉಮಾವತಿಗೆ ಅನ್ವಯಿಸುವುದಿಲ್ಲ. ಅವಳು ನಮ್ಮ ಸಭೆಯವಳಲ್ಲ, ನಮ್ಮ ಧರ್ಮದವಳೂ ಅಲ್ಲ. ಬುಟ್ಟಿ ಇಳಿಸಿ ಒಂದೇ ಮಾತು ಕೇಳಿದಳು: "ಅಯ್ಯನೋರಿಗೆ ಈಗಾರೂ ನಿದ್ರಿ ಬತ್ತಾ?" ನಾನು ಅತ್ತದ್ದು ಆಗಲೇ.

ಇನ್ನು ಕೆಲಸದ ಮಾತು. ಇಪ್ಪತ್ತಮೂರರ ಭಾನುವಾರ ನೀವು ಬಂದು, ಎಲ್ಲರ ಮುಂದೆ ನಿಂತು ತಪ್ಪೊಪ್ಪಿಕೊಂಡರೆ ಕಮಿಟಿ ಕ್ಷಮಿಸುತ್ತದಂತೆ. ಇಲ್ಲವಾದರೆ ಡಿಸೆಂಬರ್ ಒಂದಕ್ಕೆ ಮನೆ ಖಾಲಿ ಮಾಡಬೇಕು. ನಮ್ಮ ಹುಡುಗಿ ಅನಿಷಾಗೆ ಮಾರ್ಚಿನಲ್ಲಿ ಪಿಯುಸಿ ಪರೀಕ್ಷೆ. ಎರಡು ಮಾತು ಹೇಳಿಬಿಡಿ, ನಾಲಿಗೆ ಸವೆಯುವುದಿಲ್ಲ, ಸೂರು ಉಳಿಯುತ್ತದೆ. ಬನ್ನಿ.

ಅತ್ತಿಗೆಗೆ ನಮಸ್ಕಾರ, ಅವರ ಮಕ್ಕಳಿಗೆ ಮುತ್ತು. ಕರ್ತನು ನಿಮಗೆ ಒಂದು ಇಡೀ ರಾತ್ರಿಯ ನಿದ್ದೆ ಕೊಡಲಿ.

ನಿಮ್ಮ
ವಿನಯಾ

ಮರೆತಿದ್ದೆ: ಅಲ್ಲ, ಮರೆತಿರಲಿಲ್ಲ. ಈಸ್ಟರಿನಿಂದ ನಿಮ್ಮ ಪುಸ್ತಕಕ್ಕೆ ರಿಬ್ಬನ್ ಇಡುತ್ತಿದ್ದವಳು ನಾನು. ಭಾನುವಾರ ಬೈಂದೂರಿನಲ್ಲಿ ಮಗುವಿನ ದೀಕ್ಷಾಸ್ನಾನವಿತ್ತಲ್ಲ, ಮೊದಲೇ ಆ ಪುಟಕ್ಕೆ ಇಟ್ಟಿದ್ದೆ. ಶನಿವಾರ ಅಜ್ಜಿಯ ಮಣ್ಣು ಅಂತ ಗೊತ್ತಾದ ಮೇಲೂ ಬದಲಿಸಲಿಲ್ಲ. ನನಗೂ ಸಾಕಾಗಿತ್ತು. ಮಾಸ್ಟ್ರು ನಿಮ್ಮ ಬಾಯಿ ಮೂಸುವಾಗ ಚಾಯದ ತಟ್ಟೆ ಹಿಡಿದು ನಿಂತಿದ್ದೆ. ಒಂದು ಮಾತು ಆಡಬಹುದಿತ್ತು. ಮನೆ ಹೋದೀತೆಂದು ಬಾಯಿ ಮುಚ್ಚಿಕೊಂಡೆ. ನೀವು ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಿದರೆ ಅವರಿಗೆ ತಿಳಿದೀತು ಎಂದೇ ಅಲ್ಲವೇ? ಮೇಲೆ ಇವರೆಲ್ಲರಿಗೆ ಹೇಸಿ ಇಷ್ಟುದ್ದ ಬರೆದೆನಲ್ಲ, ಹೇಸಿಗೆ ನನ್ನ ಮೇಲೆಯೇ. ಬರಬೇಡಿ. ಇಪ್ಪತ್ತಮೂರಕ್ಕೆ ಎದ್ದು ನಿಲ್ಲುವವಳು ನಾನು.