ಎಡಗೈಯ ಚಿತ್ರಗಳು

ಚಿಕ್ಕಬಾಣಾವರ
12-1-2025

ಪ್ರೀತಿಯ ತಂಗಿ ದಾನವ್ವನಿಗೆ ಅಕ್ಕ ದಾಕ್ಷಾಯಣಿಯ ಆಶೀರ್ವಾದಗಳು.

ನಿನ್ನ ಎರಡೂ ಪತ್ರ ಮುಟ್ಟಿವೆ. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಭಾವ ಪಕ್ಕದಲ್ಲೇ ಇರುತ್ತಾರೆ. ಅವರಿಗೆ ಮಾತು ಹೋಗಿದೆಯೇ ಹೊರತು ಕಿವಿ ಚುರುಕಾಗಿಯೇ ಇದೆ.

ಲಕ್ವಾ ಹೊಡೆದು ಬರುವ ಯುಗಾದಿಗೆ ಎರಡು ವರ್ಷ. ಬಲಗೈ ಏಳುವುದಿಲ್ಲ. ಬಾಯಿಂದ ‘ಬಾ, ಬಾ’ ಅನ್ನುವುದೊಂದೇ ಸದ್ದು. ನೀರಿಗೂ ಅದೇ, ನೋವಿಗೂ ಅದೇ. ಸಂಗಮೇಶ, ಸೊಸೆ ಇಬ್ಬರೂ ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ನಾವಿಬ್ಬರೇ. ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಅಷ್ಟು ವರ್ಷ ಪಾಠ ಹೇಳಿದ ಮನುಷ್ಯ ಗೋಡೆ ನೋಡುತ್ತ ಕೂತುಬಿಟ್ಟಿದ್ದರು.

ದಸರೆ ಮುಗಿದ ಮೇಲೆ ಪಕ್ಕದ ಮನೆಯ ಮುನಿಶಾಮಮ್ಮ ಬಂದು, “ಇಂಗೇ ಕುಂತ್ರೆ ಇಬ್ರೂ ಕೆಟ್ಟೋಗ್ತೀರ ಕಣಮ್ಮ. ವಿದ್ಯಾರಣ್ಯಪುರದಲ್ಲಿ ವಯಸ್ಸಾದೋರಿಗೆ ಚಿತ್ರ ಕಲಿಸ್ತಾರೆ, ನಾನೂ ಓಯ್ತೀನಿ, ಬಾ” ಎಂದಳು. ಶನಿವಾರ ಆಟೋ ಮಾಡಿಕೊಂಡು ಹೋದೆವು. ಕಲಿಸುವವಳು ರೆಹಾನಾ ಅಂತ. ಇವರಿಗೆ ಮಾತು ಬರುವುದಿಲ್ಲ ಎಂದು ನಾನು ಸಂಕೋಚಪಟ್ಟರೆ, “ಪರ್ವಾಗಿಲ್ಲ ಆಂಟಿ, ಇಲ್ಲಿ ಮಾತಾಡೋರೇ ಜಾಸ್ತಿ ಆಗಿದಾರೆ” ಎಂದು ನಕ್ಕು ಎಡಗೈಗೆ ಬ್ರಷ್ ಕೊಟ್ಟಳು.

ಮೂರು ವಾರ ಬರೀ ಗೆರೆ. ನಾಲ್ಕನೆಯ ವಾರ ಎಮ್ಮೆಯೊಂದು ಬಂತು. ಊರಲ್ಲಿ ನಮ್ಮತ್ತೆ ಸಾಕಿದ್ದ, ಕಿವಿ ಹರಿದ ಅದೇ ಎಮ್ಮೆ! “ಅಯ್ಯಪ್ಪಾ, ಆಯೋಕೇ ಬತ್ತೈತೆ!” ಎಂದು ಮುನಿಶಾಮಮ್ಮ ಅದರ ಕೊಂಬಿಗೆ ಹೆದರಿದಂತೆ ಹಿಂದೆ ಸರಿದಾಗ ಇವರು ಗಟ್ಟಿಯಾಗಿ ನಕ್ಕರು. ಆ ನಗು ಹೇಗಿತ್ತೆಂಬುದೇ ನನಗೆ ಮರೆತುಹೋಗಿತ್ತು. ಆಮೇಲೆ ಊಟ ಸೇರತೊಡಗಿತು, ನಿದ್ದೆ ಹತ್ತತೊಡಗಿತು. ಶನಿವಾರ ಬಂತೆಂದರೆ ತೊಡಿಸಬೇಕಾದ ಅಂಗಿಯನ್ನು ತಾವೇ ತೋರಿಸುತ್ತಾರೆ. “ಅವ್ವಾ, ಅಪ್ಪಾಗ ಜೀವ ಬಂದಂಗ ಆತು” ಎನ್ನುತ್ತಾನೆ ಸಂಗಮೇಶ. ಎಲ್ಲರಿಗೂ ಸಂತೋಷ. ನನಗೆ ಮಾತ್ರ ಶನಿವಾರ ಬರುವುದೇ ಬೇಡವೆನಿಸುತ್ತದೆ.

ನಿನ್ನ ಮೊಮ್ಮಕ್ಕಳಿಗೆ ನನ್ನ ಮುದ್ದು. ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ನೂರು ಕಾಲ ಚೆನ್ನಾಗಿ ಬಾಳು.

ನಿನ್ನ ಅಕ್ಕ,
ದಾಕ್ಷಾಯಣಿ

ತಾ.ಕ.: ಇದನ್ನು ಬರೆಯದೆ ಕವರು ಅಂಟಿಸಲು ಮನಸ್ಸಾಗಲಿಲ್ಲ. ಶ್ರಾವಣದಲ್ಲಿ ಒಂದು ಮಧ್ಯಾಹ್ನ ಇವರು ಮೂರನೆಯ ಸಲ ಹಾಸಿಗೆ ಒದ್ದೆ ಮಾಡಿದಾಗ ನಾನು ಹೊಡೆದೆ. ಒಂದೇ ಏಟಲ್ಲ. ಅದೇ ಮೊದಲ ಸಲವೂ ಅಲ್ಲ. ಹೇಳಿಕೊಳ್ಳಲು ಅವರಿಗೆ ಬಾಯಿಲ್ಲವಲ್ಲ ಎಂಬ ಧೈರ್ಯ ನನಗೆ.

ಕಳೆದ ತಿಂಗಳು ಅದು ಕಾಗದದ ಮೇಲೆ ಬಂತು. ಮಂಚ, ಮೇಲೆತ್ತಿದ ಕೈ, ಕೈತುಂಬ ಹಸಿರು ಬಳೆ. ಮುನಿಶಾಮಮ್ಮ ಅದನ್ನು ಆಶೀರ್ವಾದದ ಕೈ ಎಂದುಕೊಂಡಿದ್ದಾಳೆ. ರೆಹಾನಾ ಚಿತ್ರ ನೋಡಿದಳು, ನನ್ನ ಬಳೆ ನೋಡಿದಳು. ಹೊರಗೆ ಕರೆದು, “ಆಂಟಿ, ಒಬ್ರೇ ನೋಡ್ಕೊಳ್ಳೋಕೆ ಆಗ್ತಿಲ್ಲ ಅಂತ ಮನೇಲಿ ಹೇಳಿದೀರಾ?” ಎಂದು ಕೇಳಿದಳು. ಇಲ್ಲವೆಂದೆ. ಮಗನಿಗೆ ಇನ್ನೂ ಹೇಳಿಲ್ಲ, ನಿನಗೇ ಮೊದಲು.

ಆ ಸಂಜೆ ಇವರ ಕಾಲು ಹಿಡಿದು ಅತ್ತೆ. ಇವರು ಕಾಲು ಎಳೆದುಕೊಂಡರು. ಅಂದಿನಿಂದ ನಾನು ಕೈ ಎತ್ತಿಲ್ಲ, ಬಸವಣ್ಣನಾಣೆ. ಆದರೂ ವಾರವಾರ ಅದನ್ನೇ ಬರೆಯುತ್ತಾರೆ. ಒಂದೇ ಕೈಯಲ್ಲಿ ಬರೆಯುವಾಗ ಕಾಗದ ಜಾರುತ್ತದೆ, ಯಾರಾದರೂ ಹಿಡಿದುಕೊಳ್ಳಬೇಕು. ನಿನ್ನೆ ನಾನೇ ಹಿಡಿದುಕೊಂಡು ಕೂತಿದ್ದೆ.