ಉತ್ಸವದಲ್ಲಿ ಕಲೆ, ಮದುವೆಯಲ್ಲಿ ಹಲ್ಲೆ

ನಗರದ ಸಂಸ್ಕೃತಿ ಖಾತೆಯ ಉಪಮೇಯರ್ ಅವರೇ,

ಈ ವರ್ಷದ ಅರಬ್ ಕಲಾ ಉತ್ಸವದ ಪೋಸ್ಟರಿನಲ್ಲಿ ನಿಮ್ಮ ಕೈಹಿಡಿದು ಕುಣಿಯುತ್ತಿರುವ ಹುಡುಗ ಈಗ ಬಂಧನ ಕೇಂದ್ರದಲ್ಲಿದ್ದಾನೆ. ಹೆಸರು ವಾಯಿಲ್, ನನ್ನ ಸೋದರಳಿಯ. ಟ್ರಾಮ್ ನಿಲ್ದಾಣಗಳಲ್ಲೆಲ್ಲ ಅವನ ನಗುಮುಖ ಅಂಟಿಸಿದ್ದೀರಿ. ಅದನ್ನು ನೋಡಿಕೊಂಡೇ ನಾವು ಅವನನ್ನು ಕಾಣಲು ಹೋಗಿಬರುತ್ತೇವೆ.

ನೆನಪಿದೆಯೇ? ಹೋದ ವರ್ಷದ ಉತ್ಸವದಂದು ಚೌಕದಲ್ಲಿ ನಾನು ಡೋಲು ಬಾರಿಸುತ್ತಿದ್ದೆ, ನೀವು ಕೈಕಟ್ಟಿ ನಿಂತಿದ್ದಿರಿ. ನಮ್ಮ ಸಾಲುಕುಣಿತದಲ್ಲಿ ಯಾರನ್ನೂ ಸುಮ್ಮನೆ ನಿಲ್ಲಗೊಡುವುದಿಲ್ಲ, ಕೈಹಿಡಿದು ಎಳೆದುಕೊಳ್ಳುತ್ತೇವೆ. ವಾಯಿಲ್ ನಿಮ್ಮನ್ನು ಎಳೆದ. ಆಮೇಲೆ ನೀವು ಮೈಕಿನಲ್ಲಿ, "ಈ ಆತ್ಮೀಯತೇನ ನಾವು ನಿಮ್ಮಿಂದ ಕಲೀಬೇಕು" ಅಂದಿರಿ. ಕಲಿತಿರಾ ಸ್ವಾಮಿ?

ಈ ವಸಂತದಲ್ಲಿ ಅವನ ಮದುವೆ. ಅದೇ ಚೌಕ, ಅದೇ ಡೋಲು, ಹಾಡುಹಗಲಿನ ದಿಬ್ಬಣ. ಗಲಾಟೆಯೆಂದು ಯಾರೋ ದೂರು ಕೊಟ್ಟರಂತೆ, ಇಬ್ಬರು ಪೊಲೀಸರು ಬಂದರು. ನಾನು ಆಗಲೇ ಡೋಲು ಕೆಳಗಿಳಿಸತೊಡಗಿದ್ದೆ. ಅಳಿಯನಿಗೆ ಮದುವೆಯ ಹುರುಪು. "ಬನ್ನಿ ಅಣ್ಣ, ಹಿಂಗೆ ಕಂಬದ ಥರ ನಿಂತ್ಕೊಂಡ್ರೆ ಹೆಣ್ಣಿನ ಕಡೆಯೋರು ಏನಂದ್ಕೋತಾರೆ? ಎರಡು ಹೆಜ್ಜೆ ಹಾಕಿ, ಊಟ ಮಾಡ್ಕೊಂಡೇ ಹೋಗಿ" ಎಂದು ಒಬ್ಬರ ಕೈ ಎಳೆದ. ಆತ ಎಡವಿ ಮೊಣಕಾಲೂರಿದರು. ಕರ್ತವ್ಯನಿರತ ಅಧಿಕಾರಿಯ ಮೇಲೆ ಹಲ್ಲೆ ಎಂದು ಬರೆದುಕೊಂಡರು. ಅದೇ ಕಾರಣಕ್ಕೆ ವಾಸದ ಪರವಾನಗಿ ರದ್ದಾಯಿತು, ಮುಂದಿನದು ಗಡೀಪಾರು. ಅವನನ್ನು ಅಟ್ಟಹೊರಟಿರುವ ಊರಿನಲ್ಲಿ ಈಗ ನಮ್ಮ ಮನೆಯೂ ಇಲ್ಲ, ಮನೆಯವರೂ ಉಳಿದಿಲ್ಲ.

ನಿಮ್ಮ ಕೈ ಎಳೆದರೆ ಕಲೆ, ಪೊಲೀಸರ ಕೈ ಎಳೆದರೆ ಅಪರಾಧವೇ? ನಿಮ್ಮ ವೇದಿಕೆಯ ಮೇಲಿದ್ದರಷ್ಟೇ ನಮ್ಮ ಡೋಲು ಸಂಗೀತವೇ? ಕೇಳೋಣವೆಂದು ನಿಮ್ಮ ಕಚೇರಿಗೂ ಬಂದೆ. ನಿಮ್ಮ ಕಾರ್ಯದರ್ಶಿ, "ಅದು ನಮ್ಮ ಖಾತೆಗೆ ಬರಲ್ಲ. ಅಂದ ಹಾಗೆ, ಉದ್ಘಾಟನೆಗೆ ಡೋಲು ನೀವೇ ಬಾರಿಸ್ತೀರಲ್ವಾ?" ಎಂದರು.

ಮದುಮಗಳು ಲಮೀಸ್ ನಮ್ಮ ಮನೆಯಲ್ಲೇ ಇದ್ದಾಳೆ. "ಮಾವ, ದಿಬ್ಬಣ ಮನೆ ಮುಟ್ಲೇ ಇಲ್ಲ. ನಾನಿಲ್ಲಿ ಸೊಸೇನೋ, ನೆಂಟಳೋ?" ಎಂದು ಕೇಳುತ್ತಾಳೆ.

ಉದ್ಘಾಟನೆಯ ದಿನವೇ ಬೆಳಿಗ್ಗೆ ಅವನ ವಿಚಾರಣೆ. ನಾನು ನಿಮ್ಮ ವೇದಿಕೆಗೆ ಬರುವುದಿಲ್ಲ, ನೀವು ನ್ಯಾಯಾಲಯಕ್ಕೆ ಬನ್ನಿ. ಭಾಷಣ ಬೇಡ. ಸಾಕ್ಷಿಕಟ್ಟೆಯಲ್ಲಿ ನಿಂತು, "ಇವನು ನನ್ನ ಕೈಯನ್ನೂ ಹೀಗೇ ಎಳೆದಿದ್ದ, ನಾನು ಕುಣಿದೆ" ಎಂದು ಹೇಳಿ, ಸಾಕು.

ಇಂತಿ,
ನಿಮ್ಮ ಉತ್ಸವಕ್ಕೆ ಬೇಕಾದವನು, ನಿಮ್ಮ ಊರಿಗೆ ಬೇಡವಾದವನು,
ಶಾಕಿರ್ ದಬ್ಬಾಸ್, ಡೋಲಿನವ